ಒಂದು ಪೆಟ್ಟು ಕಾದ ಹಾಡು

ಬೆಳಗಿನ ಐದು ಗಂಟೆ ಹತ್ತು ನಿಮಿಷ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಏಳು ದೊಡ್ಡ ಯಂತ್ರಗಳು ಒಟ್ಟಿಗೆ ತಿರುಗುತ್ತಿವೆ. ಸೋಪಿನ ಹಬೆಗೆ ನನ್ನ ಕನ್ನಡಕ ಮಂಜಾಗಿದೆ. ಒರೆಸಿಕೊಂಡು ನೋಡಿದರೆ, ಉದ್ದನೆಯ ಮೇಜಿನ ಆ ತುದಿಗೊಬ್ಬರು ಈ ತುದಿಗೊಬ್ಬರು ಹೆಂಗಸರು ನಿಂತು ಬೆಡ್‌ಶೀಟ್ ಮಡಿಸುತ್ತಿದ್ದಾರೆ. ಹಿಡಿ, ಎಳೆ, ಸೇರಿಸು, ಬಿಡು. ನಾಲ್ಕು ಚಲನೆಗೆ ಒಂದು ಶೀಟು. ಎಡತುದಿಯವಳಿಗೆ ಭುಜದ ನೋವು. ಅವಳ ಕೈ ಮೇಲೇಳುವವರೆಗೆ ಬಲತುದಿಯವಳು ಬಟ್ಟೆಯ ಮೂಲೆ ಹಿಡಿದು ಸುಮ್ಮನೆ ನಿಲ್ಲುತ್ತಾಳೆ.

ಬಲತುದಿಯವಳೇ ಪೆನ್ಸಿಲಕ್ಕ. ವಯಸ್ಸು ಅರವತ್ತೊಂದು. ತುರುಬಿನಲ್ಲಿ ಸದಾ ಒಂದು ಗಿಡ್ಡ ಪೆನ್ಸಿಲ್ ಸಿಕ್ಕಿಸಿಕೊಂಡಿರುವುದರಿಂದ ಲಾಂಡ್ರಿಯವರೆಲ್ಲ ಕರೆಯುವುದು ಹಾಗೆಯೇ. ಇಪ್ಪತ್ತಾರು ವರ್ಷಗಳಿಂದ ಇಲ್ಲಿದ್ದಾಳೆ. ದಿನಕ್ಕೆ ಆರುನೂರ ನಲವತ್ತು ಬೆಡ್‌ಶೀಟು ಅವಳ ಕೈ ದಾಟಿ ಮೇಲಿನ ವಾರ್ಡುಗಳಿಗೆ ಹೋಗುತ್ತವೆ, ಅಷ್ಟೇ ಕೊಳೆಯಾಗಿ ಮರಳಿ ಬರುತ್ತವೆ. ದಿಂಬಿನ ಚೀಲಗಳನ್ನು ಎಣಿಸುವ ಗೋಜಿಗೆ ಯಾರೂ ಹೋಗಿಲ್ಲ. ನಾನು ಬಂದಿದ್ದು ಈ ಲಾಂಡ್ರಿಯ ಬಗ್ಗೆ ನಾಲ್ಕು ಮಾತು ಬರೆದು ಭಾನುವಾರದ ಪುಟ ತುಂಬಿಸೋಣವೆಂದು. ಸುಳ್ಳೇಕೆ ಹೇಳಲಿ, ಮಧ್ಯಾಹ್ನದ ಊಟದೊಳಗೆ ಬರೆದು ಮುಗಿಯುತ್ತದೆ ಎಂದುಕೊಂಡಿದ್ದೆ.

ಕಪಾಟಿನ ಮೇಲಿನ ರೇಡಿಯೋದಲ್ಲಿ ಆಗ ಒಂದು ಹಳೆಯ ರಾಕ್ ಹಾಡು ಶುರುವಾಗುತ್ತದೆ. ‘ಇನ್ನೆರಡೇ ಮೆಟ್ಟಿಲು’. ಗೊತ್ತಿಲ್ಲದವರು ಯಾರಿದ್ದಾರೆ? ನನ್ನ ಮದುವೆಯ ಸಂಜೆ ನಾನೂ ನನ್ನ ಹೆಂಡತಿಯೂ ಕಾಲು ತುಳಿದುಕೊಂಡು ಕುಣಿದದ್ದು ಇದೇ ಹಾಡಿಗೆ. ಪೆನ್ಸಿಲಕ್ಕ ಕೈಕೆಲಸ ನಿಲ್ಲಿಸದೆ ಕಿವಿ ಮಾತ್ರ ಅತ್ತ ಕೊಡುತ್ತಾಳೆ. ಕಡೆಯ ಸಾಲು ಬರುತ್ತಿದ್ದಂತೆ ತಲೆ ಅಲ್ಲಾಡಿಸಿ, “ಇವಳೂ ಕಾಯ್ಲಿಲ್ಲ” ಅಂದು ಶೀಟನ್ನು ಅಟ್ಟಿಗೆ ಸೇರಿಸುತ್ತಾಳೆ.

ಯಾರು, ಯಾಕೆ ಕಾಯಬೇಕಿತ್ತು ಎಂದು ನಾನು ಕೇಳುತ್ತೇನೆ. ಅವಳು ಮುಂದಿನ ಶೀಟಿನ ಮೂಲೆ ಹಿಡಿಯುತ್ತಾಳೆ. ಭುಜ ನೋವಿನ ಜೊತೆಗಾತಿಯೇ ಬಾಯಿ ಬಿಡುತ್ತಾಳೆ: “ಅದು ಅವಳದೇ ಹಾಡು. ಬರ್ದಿದ್ದು, ರಾಗ ಹಾಕಿದ್ದು ಎಲ್ಲ ಇವಳೇ. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು.”

ನಂಬಲಿಲ್ಲ. ಬೆಡ್‌ಶೀಟಿಗೂ ರಾಕ್ ಸಂಗೀತಕ್ಕೂ ಎಲ್ಲಿಂದೆಲ್ಲಿಯ ಸಂಬಂಧ? ಕಚೇರಿಗೆ ಹೋಗಿ ಹಳೆಯ ದಾಖಲೆ ಕೆದಕಿದಾಗ ನನ್ನ ಮುಖಕ್ಕೆ ನಾನೇ ಮಂಗಳಾರತಿ ಮಾಡಿಕೊಳ್ಳುವಂತಾಯಿತು. ಮೂವತ್ತಾರು ವರ್ಷಗಳ ಹಿಂದಿನ ಧ್ವನಿಮುದ್ರಿಕೆ, ವಾದ್ಯತಂಡದ ಹೆಸರು ‘ಐದನೇ ಮಹಡಿ’, ಗೀತರಚನೆ ಅವಳದೇ. ಅದರ ಹೊದಿಕೆಯ ಚಿತ್ರದಲ್ಲಿ ಮೂವರಿದ್ದಾರೆ. ಗಿಟಾರು ಹಿಡಿದ ಹುಡುಗಿಯ ತುರುಬಿನಲ್ಲಿ ಒಂದು ಪೆನ್ಸಿಲ್ ಇದೆ.

ಐದನೇ ಮಹಡಿ ಎನ್ನುವುದು ಅವರ ಮನೆಯ ವಿಳಾಸ. ಲಿಫ್ಟ್ ಇಲ್ಲದ ಕಟ್ಟಡ, ತೊಂಬತ್ತೆರಡು ಮೆಟ್ಟಿಲು. ಅಮ್ಮ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆಗೆ ಹೋದರೆ ಬರುವಾಗ ಕತ್ತಲೆ. ಶಾಲೆಯಿಂದ ತಮ್ಮನನ್ನು ಕರೆದುಕೊಂಡು ಬರುವುದು ಅಕ್ಕನ ಕೆಲಸ. ಅವಳಿಗೆ ಹನ್ನೆರಡು, ಅವನಿಗೆ ಒಂಬತ್ತು, ಮತ್ತು ಅವನಿಗೆ ಉಬ್ಬಸ. ನಾಲ್ಕನೇ ಮಹಡಿಯ ತಿರುವಿಗೆ ಬರುವಷ್ಟರಲ್ಲಿ ಹುಡುಗನ ಎದೆ ಸೀಟಿ ಹೊಡೆಯುತ್ತಿತ್ತು.

“ಅಲ್ಲಿ ಕೂತುಬಿಡೋನು. ಇನ್ನೆಷ್ಟಿದೆ ಅಕ್ಕಾ ಅನ್ನೋನು. ಇನ್ನೆರಡೇ ಮೆಟ್ಟಿಲು ಅಂತಿದ್ದೆ. ಶುದ್ಧ ಸುಳ್ಳು, ಇನ್ನೂ ಇಪ್ಪತ್ತೆರಡು ಇರ್ತಿತ್ತು. ಇಪ್ಪತ್ತೆರಡು ಅಂದಿದ್ರೆ ಏಳ್ತಾನೇ ಇರ್ಲಿಲ್ಲ” ಎನ್ನುತ್ತಾಳೆ ಪೆನ್ಸಿಲಕ್ಕ. “ಬಾಗಿಲು ಹಾಕಿಬಿಟ್ರೆ ಅಂತ ಅಳೋನು ಒಂದೊಂದ್ಸಲ. ಬೀಗದ ಕೈ ನನ್ನ ಕೊರಳಲ್ಲೇ ಇರ್ತಿತ್ತು. ಬಾಗಿಲೇನು ಓಡಿಹೋಗುತ್ತೇನೋ ದಡ್ಡ ಅಂತ ಬೈತಿದ್ದೆ.”

ಹಾಡಿನ ಪಲ್ಲವಿ ನಿಮಗೂ ಬಾಯಿಪಾಠವಿರಬೇಕು:

ಇನ್ನೆರಡೇ ಮೆಟ್ಟಿಲು
ನಿಲ್ಲು ನೀ ಬೇಕಾದಷ್ಟು
ಬಾಗಿಲೇನು ಓಡಿಹೋಗದು

ಇಷ್ಟು ವರ್ಷ ನಾವೆಲ್ಲ ಇದನ್ನು ಪ್ರೇಮಗೀತೆ ಎಂದುಕೊಂಡಿದ್ದೆವು. ಹಾಗೆಂದು ಹೇಳಿದರೆ ಅವಳು ನಗುತ್ತಾಳೆ. “ಇರ್ಲಿ ಬಿಡಿ. ಯಾರಿಗೆ ಯಾವ ಮೆಟ್ಟಿಲೋ.”

ಏಳು ವರ್ಷ, ಇನ್ನೂರ ಹತ್ತು ಕಾರ್ಯಕ್ರಮ. ಕಾಲೇಜಿನ ಸಭಾಂಗಣಗಳಲ್ಲಿ, ಗ್ಯಾರೇಜುಗಳಲ್ಲಿ, ಒಮ್ಮೆ ಹಡಗು ರಿಪೇರಿಯ ಅಂಗಳದಲ್ಲಿ. ಅಕ್ಕ ಗಿಟಾರು, ತಮ್ಮ ಬೇಸ್ ಗಿಟಾರು ಬಾರಿಸುತ್ತ ಹಾಡುವವನು, ಡ್ರಮ್ಮಿಗೆ ಒಬ್ಬ ದಡೂತಿ ಗೆಳೆಯ. ಉಬ್ಬಸದ ಹುಡುಗ ಹಾಡುವುದೇ ಎಂದು ಮೂಗು ಮುರಿದವರೂ ಅವನ ದನಿ ಕೇಳಿ ಸುಮ್ಮನಾಗುತ್ತಿದ್ದರಂತೆ. ಕೊರಳಲ್ಲಿ ಸ್ವಲ್ಪ ಮರಳು ಬೆರೆತ ದನಿ ಅದು.

ಕಥೆಯೆಲ್ಲ ನಿಂತಿರುವುದು ಧ್ವನಿಮುದ್ರಣದ ಆ ಒಂದು ಮಧ್ಯಾಹ್ನದ ಮೇಲೆ. ಡ್ರಮ್ಮಿನ ಗೆಳೆಯ ಈಗ ಟೈರ್ ಅಂಗಡಿ ಇಟ್ಟುಕೊಂಡಿದ್ದಾನೆ. ಟ್ಯೂಬೊಂದನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಲೇ ಆ ದಿನವನ್ನು ಹೇಳುತ್ತಾನೆ.

“ಹಾಡು ನಾಲ್ಕು ನಾಲ್ಕು ಪೆಟ್ಟಿಗೆ ನಡೀತದೆ. ಒಂದು ಎರಡು ಮೂರು ನಾಲ್ಕು, ಮತ್ತೆ ಒಂದು. ಅವತ್ತು ಅವನಿಗೆ ಬೆಳಿಗ್ಗೆಯಿಂದ ಎದೆ ಬಿಗಿತ. ಸ್ಟುಡಿಯೋದವರು ಇದೇ ಕೊನೇ ಸಲ, ಹೊತ್ತಾಯ್ತು ಅಂದಿದ್ರು. ‘ಬೇಕಾದಷ್ಟು’ ಅಂತ ಹಾಡಿದ, ನಾಲ್ಕು ಮುಗೀತು, ಅವನ ಬಾಯಲ್ಲಿ ದನಿಯಿಲ್ಲ, ಉಸಿರು ಸಾಲ್ದು. ನಾನು ಹೊಡೆಯೋಕೆ ಅಂತ ಕೋಲು ಎತ್ತಿಬಿಟ್ಟಿದ್ದೆ. ಅಕ್ಕ ನನ್ನ ಕಡೆ ಕಣ್ಣು ಬಿಟ್ಟಳು ನೋಡಿ. ಕೋಲು ಗಾಳಿಯಲ್ಲೇ ನಿಲ್ತು. ಅವಳೂ ತಂತಿ ಮುಟ್ಟಲಿಲ್ಲ. ಒಂದು ಪೆಟ್ಟು ಪೂರ್ತಿ ಖಾಲಿ. ಅವನು ಉಸಿರೆಳ್ಕೊಂಡ, ‘ಬಾಗಿಲೇನು ಓಡಿಹೋಗದು’ ಅಂದ. ಮೂವರೂ ಆ ಪೆಟ್ಟಿಗೆ ಸರಿಯಾಗಿ ಒಟ್ಟಿಗೆ ಬಿದ್ವಿ.”

ಟ್ಯೂಬಿನಲ್ಲಿ ಗುಳ್ಳೆ ಕಂಡಿತು. ಅದರ ಮೇಲೆ ಹೆಬ್ಬೆಟ್ಟು ಒತ್ತಿ ಹೇಳುತ್ತಾನೆ: “ಜೀವಮಾನದಲ್ಲಿ ನಾನು ಬಾರಿಸಿದ ಅತಿ ಒಳ್ಳೇ ಪೆಟ್ಟು ಅದು. ಬಾರಿಸದೇ ಇದ್ದದ್ದು.”

ಧ್ವನಿಮುದ್ರಿಕೆ ಹೊರಬಂತು. ಎರಡೇ ವಾರದಲ್ಲಿ ಒಂದು ಪತ್ರಿಕೆಯ ಭಾನುವಾರದ ಪುಟದಲ್ಲಿ ಮೂರು ಸಾಲಿನ ವಿಮರ್ಶೆ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಏಕೆಂದರೆ ಬರೆದವನು ನನ್ನ ಕಸುಬಿನವನೇ, ಬಹುಶಃ ನನ್ನ ಹಾಗೆಯೇ ಊಟದೊಳಗೆ ಮುಗಿಸುವ ಆತುರದಲ್ಲಿದ್ದವನು. ಆ ಸಾಲುಗಳನ್ನು ನಾನು ದಾಖಲೆಯಲ್ಲಿ ಹುಡುಕಬೇಕಾಗಲಿಲ್ಲ. ಪೆನ್ಸಿಲಕ್ಕನ ಮನೆಯ ಹಜಾರದಲ್ಲಿ ಕೂತ ಐವತ್ತೆಂಟರ ತಮ್ಮ ಕಣ್ಣು ಮಿಟುಕಿಸದೆ ಒಪ್ಪಿಸುತ್ತಾನೆ: “ಹಾಡು ಚೆನ್ನಾಗಿದೆ. ಗಾಯಕನಿಗೆ ನಾಲ್ಕರವರೆಗೆ ಎಣಿಸಲು ಬಂದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ತಪ್ಪನ್ನು ತಿದ್ದಿಕೊಳ್ಳಲಿ.”

ಮುಂದಿನ ಕಾರ್ಯಕ್ರಮದಲ್ಲಿ ಅವನು ತಿದ್ದಿಕೊಳ್ಳಲು ಹೋದ. ನಾಲ್ಕಕ್ಕೆ ಸರಿಯಾಗಿ ಶುರುಮಾಡಿದ, ಉಸಿರು ಅರ್ಧದಲ್ಲೇ ಕೈಕೊಟ್ಟಿತು, ಸಾಲು ಮುರಿಯಿತು. ಮೈಕನ್ನು ಮೆಲ್ಲಗೆ ಸ್ಟ್ಯಾಂಡಿನಲ್ಲಿಟ್ಟು ಕೆಳಗಿಳಿದವನು ಮತ್ತೆ ಹಾಡಲೇ ಇಲ್ಲ. ಹಾಡುವವನಿಲ್ಲದ ತಂಡ ಎಷ್ಟು ದಿನ ನಡೆದೀತು? ಮರುವರ್ಷ ಹೆಸರಾಂತ ಗಾಯಕಿಯೊಬ್ಬಳು ಅದೇ ಹಾಡನ್ನು, ಆ ಖಾಲಿ ಪೆಟ್ಟನ್ನು ಕತ್ತರಿಸಿ ಹಾಡಿದಳು. ಹಾಡಿಗೆ ರೆಕ್ಕೆ ಬಂತು. ಆಮೇಲೆ ಬಂದವರೆಲ್ಲ ಅವಳಿಂದಲೇ ಕಲಿತರು. ಮೊದಲಿನದನ್ನು ಕೇಳಿದವರು ಬೆರಳೆಣಿಕೆಯಷ್ಟು.

ತಮ್ಮ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದ. ಮೂವತ್ತು ವರ್ಷ ಬೇರೆಯವರ ತಪ್ಪು ತಿದ್ದಿದ, ತನ್ನದೊಂದನ್ನು ಎದೆಯಲ್ಲಿಟ್ಟುಕೊಂಡು.

ಅಕ್ಕ ಬರೆಯುವುದನ್ನು ನಿಲ್ಲಿಸಲಿಲ್ಲ. ಇತರ ಗಾಯಕರಿಗೆಂದು ಬರೆದದ್ದು ನೂರ ಎಪ್ಪತ್ತು ಹಾಡು. ಕೆಲವು ಧ್ವನಿಮುದ್ರಣಗೊಂಡವು, ಹಲವು ಪೆಟ್ಟಿಗೆಯಲ್ಲಿ ಮಲಗಿವೆ. ಲಾಂಡ್ರಿಯ ಚೀಲಗಳಿಗೆ ಕಟ್ಟುವ ಚೀಟಿಗಳ ಬೆನ್ನ ಮೇಲೆ ಈಗಲೂ ಬರೆಯುತ್ತಾಳೆ. ಒಮ್ಮೆ ಅಂಥ ಚೀಟಿಯೊಂದು ಶಸ್ತ್ರಚಿಕಿತ್ಸೆಯ ವಿಭಾಗಕ್ಕೆ ಹೋಗಿ, ‘ನಿನ್ನ ನೆನಪು ಕಲೆಯಂತೆ, ಒಗೆದರೂ ಹೋಗದು’ ಎಂಬುದನ್ನು ಓದಿದ ಮುಖ್ಯ ದಾದಿ ಇಡೀ ಚೀಲವನ್ನು ಮತ್ತೆ ಒಗೆಯಲು ವಾಪಸು ಕಳಿಸಿದ್ದಳಂತೆ.

ಆದರೆ ಊರೂರು ಸುತ್ತಿದ್ದು ಒಂದೇ ಹಾಡು. ಅಡುಗೆಮನೆಯ ಕಪಾಟಿನಿಂದ ಅವಳು ಒಂದು ನೀಲಿ ನೋಟುಬುಕ್ಕು ತೆಗೆಯುತ್ತಾಳೆ. ನಾಲ್ಕು ಅಂಕಣ ಗೆರೆ ಹಾಕಿದ್ದಾಳೆ: ಸಂಖ್ಯೆ, ಯಾರು ಹಾಡಿದ್ದು, ಎಲ್ಲಿ ಕೇಳಿದ್ದು, ಕಾದರೋ ಇಲ್ಲವೋ. ನಲವತ್ಮೂರು ಜನ ಹಾಡಿದ್ದಾರೆ. ಕುಣಿತದ ಕ್ಲಬ್ಬಿನವರು, ಮಕ್ಕಳ ಗಾಯನವೃಂದ, ಹದಿನೇಳು ಮದುವೆ ತಂಡಗಳು, ಪಿಟೀಲು ನುಡಿಸುವ ಅವಳಿಜವಳಿ. ಒಂದು ಲಿಫ್ಟ್ ಕಂಪನಿ ಜಾಹೀರಾತಿಗೂ ಹಾಡಿಸಿದೆ. ಮೆಟ್ಟಿಲಿನ ಹಾಡಿನಲ್ಲಿ ಲಿಫ್ಟ್ ಮಾರುವವರ ಧೈರ್ಯ ಮೆಚ್ಚಬೇಕು. ನಾಲ್ಕನೇ ಅಂಕಣದಲ್ಲಿ ಮೇಲಿಂದ ಕೆಳಗಿನವರೆಗೆ ಒಂದೇ ಪದ: ಇಲ್ಲ, ಇಲ್ಲ, ಇಲ್ಲ. ಇಪ್ಪತ್ತೆರಡನೆಯ ಸಾಲಿನಲ್ಲಿ ಮಾತ್ರ ಪಕ್ಕಕ್ಕೆ ಸಣ್ಣದಾಗಿ ‘ಮಾಫಿ’ ಎಂದಿದೆ. ಅದು ಸೇನೆಯ ಕವಾಯತು ಬ್ಯಾಂಡು.

“ನಡೀತಾ ಬಾರಿಸೋರು ಪಾಪ. ಐದು ಪೆಟ್ಟು ಹಾಕಿದ್ರೆ ಕಾಲು ತಪ್ಪಿ ಒಬ್ಬರ ಮೇಲೊಬ್ಬರು ಬೀಳ್ತಿದ್ರು” ಎನ್ನುತ್ತಾಳೆ.

ತಮ್ಮ ಹಜಾರದಿಂದಲೇ ಕೂಗುತ್ತಾನೆ, ಕೂಗಿದ್ದಕ್ಕೆ ಎರಡು ಸಲ ಕೆಮ್ಮುತ್ತಾನೆ. “ನಲವತ್ಮೂರು ಜನ ತಿದ್ದಿದ ಮೇಲೂ ಕರಡು ಸರಿ ಇತ್ತು ಅಂತ ಹಟ ಹಿಡಿದಿರೋಳು ಇವಳೊಬ್ಬಳೇ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಇವಳು ನನ್ನ ಹೆತ್ತೂ ಇಲ್ಲ.”

“ತಪ್ಪಲ್ಲ ಕಣೋ ಅದು. ನಾವು ಕಾದದ್ದು.”

“ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದಳಂತೆ. ಎಣಿಸೋಕೆ ಬಾರದ ನಾನು ಉಸಿರು ಡೊಂಕು ಅನ್ಲಾ?”

ಈ ಸಂಭಾಷಣೆ ಮೂವತ್ತಾರು ವರ್ಷಗಳಿಂದ ಹೀಗೆಯೇ ನಡೆದಿದೆ ಎಂದು ಇಬ್ಬರ ಮುಖ ನೋಡಿದರೇ ಗೊತ್ತಾಗುತ್ತದೆ. ಜಗಳವೇನಲ್ಲ, ಆದರೆ ಅವಳ ಕಣ್ಣು ಆಗ ನೀರು ತುಂಬಿಕೊಂಡದ್ದನ್ನು ನಾನು ನೋಡಿದೆ. ಅವನು ನೋಡಲಿಲ್ಲ, ನೆಲ ನೋಡುತ್ತಿದ್ದ.

ಈಗ ಅವರಿರುವುದು ನೆಲಮಟ್ಟದ ಮನೆಯಲ್ಲಿ. ಬಾಗಿಲಿಗೆ ಹೊಸ್ತಿಲೂ ಇಲ್ಲ. ತಮ್ಮನ ಶ್ವಾಸಕೋಶ ನೂರಕ್ಕೆ ಮೂವತ್ತೆಂಟು ಭಾಗ ಮಾತ್ರ ಕೆಲಸ ಮಾಡುತ್ತದೆ. ಮೇಜಿನ ಮೇಲೆ ಮೂರು ಚೆಂಡುಗಳಿರುವ ಒಂದು ಪ್ಲಾಸ್ಟಿಕ್ ಡಬ್ಬಿ ಇದೆ. ನಳಿಕೆ ಬಾಯಲ್ಲಿಟ್ಟು ಉಸಿರೆಳೆದರೆ ಚೆಂಡು ಮೇಲೇಳಬೇಕು. ಅವನಿಗೆ ಮೊದಲನೆಯದು ಏಳುತ್ತದೆ, ಎರಡನೆಯದು ಅಲುಗಾಡಿ ಕೂರುತ್ತದೆ. ಮೂರು ತಿಂಗಳೊಳಗೆ ಎರಡನೆಯದು ಏಳದಿದ್ದರೆ ಆಮ್ಲಜನಕದ ಸಿಲಿಂಡರು ಹಾಸಿಗೆಯ ಪಕ್ಕಕ್ಕೆ ಬರುತ್ತದೆ, ಹಗಲೂ ರಾತ್ರಿಯೂ ಅದರ ಕೊಳವೆ ಹಿಡಿದೇ ಬದುಕಬೇಕು ಎಂದು ವೈದ್ಯರು ಹೇಳಿದ್ದಾರೆ. ಈಗಾಗಲೇ ಒಂದು ತಿಂಗಳು ಕಳೆದಿದೆ.

ಅದಕ್ಕೇ ಗುರುವಾರದ ತರಗತಿ. ಪೆನ್ಸಿಲಕ್ಕನ ಲಾಂಡ್ರಿಯ ಎದುರಿಗೇ, ಅದೇ ನೆಲಮಾಳಿಗೆಯ ಒಂದು ಕೋಣೆಯಲ್ಲಿ, ಹನ್ನೊಂದು ಗಂಟೆಗೆ. ಉಸಿರಿನ ವ್ಯಾಯಾಮ ಕಲಿಸುವವಳು ಮೂವತ್ತು ದಾಟದ ಹೆಣ್ಣುಮಗಳು, ರಬ್ಬರ್ ಚಪ್ಪಲಿ, ಚುರುಕು ಮಾತು. “ಚೆಂಡು ಏಳ್ಸೋದು ಯಾರಿಗೂ ಬೇಜಾರೇ. ಅದೇ ಉಸಿರು ಹಾಡಿಗೆ ಹಾಕಿದ್ರೆ ಗೊತ್ತೇ ಆಗಲ್ಲ” ಎನ್ನುತ್ತಾಳೆ. ರೋಗಿಗಳು ಹನ್ನೊಂದು ಜನ, ಬಾಗಿಲ ಪಕ್ಕದ ಕೊನೆಯ ಕುರ್ಚಿಯಲ್ಲಿ ಹನ್ನೆರಡನೆಯವನಾಗಿ ತಮ್ಮ. ನಾಲ್ಕು ವಾರದಿಂದ ಬರುತ್ತಿದ್ದಾನೆ, ಒಮ್ಮೆಯೂ ಬಾಯಿ ತೆರೆದಿಲ್ಲ. ಅವನು ಯಾರೆಂದು ಅಲ್ಲಿ ಯಾರಿಗೂ ಗೊತ್ತಿಲ್ಲ. ಹೇಳಬಾರದೆಂದು ಅಕ್ಕನಿಂದ ಮಾತು ತೆಗೆದುಕೊಂಡಿದ್ದಾನೆ.

ಮೊದಲ ನಾಲ್ಕು ವಾರ ಬೇರೆ ಹಾಡು. ಐದನೆಯ ಗುರುವಾರ ಕಲಿಸುವವಳು ಹೊಸ ಹಾಡೆಂದು ‘ಇನ್ನೆರಡೇ ಮೆಟ್ಟಿಲು’ ಹಾಕುತ್ತಾಳೆ, ಆ ಹೆಸರಾಂತ ಗಾಯಕಿಯದು. ನಾನು ಗೋಡೆಗೊರಗಿ ನಿಂತಿದ್ದೇನೆ. ತಮ್ಮ ಎದ್ದು ಹೋಗುತ್ತಾನೆ ಎಂದುಕೊಂಡೆ. ಏಳುವುದೂ ಅವನಿಗೆ ಒಂದು ಕೆಲಸವಾದ್ದರಿಂದಲೋ ಏನೋ, ಕುರ್ಚಿಯ ಕೈ ಹಿಡಿದು ಕೂತೇ ಇದ್ದಾನೆ.

ಹನ್ನೊಂದು ಜನ ಹಾಡುತ್ತಾರೆ. ಎರಡನೆಯ ಸಾಲಿನ ತುದಿಗೆ ಬರುವಷ್ಟರಲ್ಲಿ ಎಲ್ಲರ ಉಸಿರೂ ಖಾಲಿ. ರೆಕಾರ್ಡು ಮಾತ್ರ ನಿಲ್ಲದೆ ಬಾಗಿಲಿನತ್ತ ಓಡುತ್ತದೆ, ಇವರು ಅರ್ಧದಲ್ಲಿ ಉಳಿಯುತ್ತಾರೆ. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ ನಿವೃತ್ತ ಬಸ್ ಚಾಲಕನೊಬ್ಬ ಕೆಮ್ಮಿ ಕೆಮ್ಮಿ ಕೆಂಪಾಗುತ್ತಾನೆ. ಇದೇ ಹೊತ್ತಿಗೆ ಪೆನ್ಸಿಲಕ್ಕ, ಪ್ರತಿ ಗುರುವಾರದಂತೆ, ಒಗೆದ ಟವೆಲುಗಳ ಟ್ರಾಲಿ ತಳ್ಳಿಕೊಂಡು ಬಾಗಿಲಿಗೆ ಬರುತ್ತಾಳೆ. ಹಾಡು ಕೇಳಿ ಅಲ್ಲೇ ನಿಲ್ಲುತ್ತಾಳೆ.

ಕಲಿಸುವವಳು ರೆಕಾರ್ಡು ಆರಿಸುತ್ತಾಳೆ. “ಇದನ್ನ ಬಿಡಿ, ಇವಳ ಹಿಂದೆ ನಾವು ಓಡೋದು ಬೇಡ. ಹೀಗೆ ಮಾಡೋಣ. ‘ಬೇಕಾದಷ್ಟು’ ಆದ್ಮೇಲೆ ಎಲ್ರೂ ಒಂದು ಪೆಟ್ಟು ಕಾಯೋಣ. ನನ್ನ ಕೈ ಮೇಲಿರೋವರೆಗೂ ಯಾರೂ ಹಾಡಬಾರದು. ಉಸಿರು ತುಂಬಿಕೊಳ್ಳಿ, ಕೈ ಇಳಿದ ಮೇಲೆ ಬಾಗಿಲು.”

“ಹಾಡಲ್ಲಿ ಹಾಗಿಲ್ವಲ್ಲ ಮೇಡಂ” ಎನ್ನುತ್ತಾನೆ ಬಸ್ ಚಾಲಕ.

“ಇಲ್ಲದಿದ್ರೆ ಏನಂತೆ. ಬರೆದೋರ ಶ್ವಾಸಕೋಶ ಗಟ್ಟಿ ಇದ್ದಿರಬೇಕು. ಬೇಕಾದಷ್ಟು ನಿಲ್ಲು ಅಂತ ಬರೆದುಬಿಟ್ಟು ನಿಲ್ಲೋಕೇ ಜಾಗ ಇಟ್ಟಿಲ್ಲ ನೋಡಿ.”

ಟ್ರಾಲಿಯ ಹಿಡಿಯ ಮೇಲೆ ಪೆನ್ಸಿಲಕ್ಕನ ಬೆರಳುಗಳು ಬಿಳಿಚಿಕೊಂಡಿವೆ. 

ಅವರು ಹಾಡುತ್ತಾರೆ. ‘ಬೇಕಾದಷ್ಟು’ ಮುಗಿಯುತ್ತದೆ, ಕೈ ಮೇಲೇಳುತ್ತದೆ, ಕೋಣೆಯಲ್ಲಿ ಹನ್ನೊಂದು ಎದೆಗಳು ಗಾಳಿ ಎಳೆದುಕೊಳ್ಳುವ ಸದ್ದು. ಕೈ ಇಳಿಯುತ್ತದೆ. ಸ್ವಲ್ಪ ಅತ್ತ ಇತ್ತ ಆದರೂ ಹನ್ನೊಂದು ಜನವೂ ಬಾಗಿಲು ತಲುಪುತ್ತಾರೆ. ಅವರಿಗೇ ಆಶ್ಚರ್ಯವಾಗಿ ನಗುತ್ತಾರೆ.

ಆಗ ಕೊನೆಯ ಕುರ್ಚಿಯಿಂದ ಒಂದು ದನಿ: “ಕೈ ಎತ್ತಿದ್ದು ತಡ ಆಯ್ತು.”

ಎಲ್ಲರೂ ತಿರುಗಿ ನೋಡುತ್ತಾರೆ. ತಮ್ಮನ ಮುಖ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಮೂವತ್ತು ವರ್ಷ ಕರಡು ತಿದ್ದಿದವನ ಗಂಭೀರ ಮುಖ, ಕಣ್ಣಲ್ಲಿ ಮಾತ್ರ ಒಂಬತ್ತರ ಹುಡುಗ. “‘ಷ್ಟು’ ಅನ್ನೋವಾಗಲೇ ಕೈ ಮೇಲಿರ್ಬೇಕು. ಡ್ರಮ್ಮಿನೋನು ಕೋಲು ಎತ್ತಿ ಹಿಡಿದ ಹಾಗೆ. ಆಗ ಎಲ್ರೂ ಒಟ್ಟಿಗೆ ಬೀಳ್ತಾರೆ.”

“ನಿಮಗೆ ಹೇಗೆ ಗೊತ್ತು?” ಬಸ್ ಚಾಲಕನಿಗೆ ಕುತೂಹಲ.

ಅವನು ಉಸಿರು ತೆಗೆದುಕೊಳ್ಳುತ್ತಾನೆ. “ಮೊದಲನೇ ರೆಕಾರ್ಡಲ್ಲಿ ಹಾಗೇ ಇದೆ” ಎನ್ನುತ್ತಾನೆ. ತಪ್ಪು ಎನ್ನಲಿಲ್ಲ. ಹಾಗೇ ಇದೆ ಎಂದ. ಬಾಗಿಲಲ್ಲಿದ್ದ ಅಕ್ಕ ಟವೆಲೊಂದನ್ನು ತೆಗೆದು ಮುಖಕ್ಕೆ ಒತ್ತಿಕೊಂಡಳು.

“ಹಾಗಾದ್ರೆ ನೀವೇ ತೋರ್ಸಿ” ಎನ್ನುತ್ತಾಳೆ ಕಲಿಸುವವಳು.

ಅವನು ತೋರಿಸುತ್ತಾನೆ. ದನಿಯಲ್ಲಿ ಮರಳು ಈಗ ಹೆಚ್ಚಿದೆ, ಹಾಡು ಕಡಿಮೆ ಇದೆ. ಇನ್ನೆರಡೇ ಮೆಟ್ಟಿಲು. ನಿಲ್ಲು ನೀ ಬೇಕಾದಷ್ಟು. ಅವನದೇ ಕೈ ಮೇಲೇಳುತ್ತದೆ, ಹನ್ನೆರಡು ಜನ ಕಾಯುತ್ತಾರೆ, ಎದುರಿನ ಲಾಂಡ್ರಿಯ ಯಂತ್ರಗಳು ಮಾತ್ರ ತಿರುಗುತ್ತಿರುತ್ತವೆ. ನನ್ನ ಮದುವೆಯಲ್ಲಿ ಕುಣಿದ ಹಾಡು ಇದೇ ಎಂದು ಹೇಳಿದರೆ ನಾನೇ ನಂಬುವುದಿಲ್ಲ. ನಾನೂ ಗೋಡೆಗೊರಗಿ ಉಸಿರು ಹಿಡಿದಿದ್ದೆ. ಕೈ ಇಳಿಯಿತು. ಬಾಗಿಲು ಎಲ್ಲಿಗೂ ಓಡಿಹೋಗಿರಲಿಲ್ಲ.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಅಕ್ಕ ಮೂವತ್ತಾರು ವರ್ಷ ಹೇಳಿದ್ದನ್ನು, ಆ ಹಾಡಿನ ಹುಟ್ಟು ಗೊತ್ತಿಲ್ಲದ ಹೆಣ್ಣುಮಗಳೊಬ್ಬಳು ರೋಗಿಗಳ ಉಸಿರು ನೋಡಿ ಕಂಡುಕೊಂಡಳು. ಯಾರನ್ನೋ ಓಲೈಸಲು ಅವಳು ಹಾಗೆ ಹೇಳಿರಲಿಲ್ಲ, ಅದಕ್ಕೇ ಅವನಿಗೆ ನಂಬಲು ಸಾಧ್ಯವಾಯಿತು. ತಾನು ತಿದ್ದಿದ ಹಾಡನ್ನು ಬರೆದವಳು ಟವೆಲು ತಂದುಕೊಡುವ ಅಕ್ಕನೇ ಎಂದು ಆ ಹೆಣ್ಣುಮಗಳಿಗೆ ತಿಳಿಯುವುದು ಈ ಭಾನುವಾರ, ಈ ಪುಟ ಓದಿದಾಗ. ಕೊಟ್ಟ ಮಾತಿನಿಂದ ಅಕ್ಕನನ್ನು ತಮ್ಮನೇ ಬಿಡಿಸಿದ್ದಾನೆ. “ಬರ್ಕೊಳ್ಳಿ. ಕರಡು ಮಾತ್ರ ನನಗೆ ತೋರ್ಸಿ” ಎಂದು ನನಗೂ ಒಪ್ಪಿಗೆ ಕೊಟ್ಟ. ತೋರಿಸಿದೆ. ಹನ್ನೊಂದು ತಪ್ಪು ತಿದ್ದಿಕೊಟ್ಟಿದ್ದಾನೆ.

ಎರಡನೆಯ ಚೆಂಡು ಇನ್ನೂ ಪೂರ್ತಿ ಎದ್ದಿಲ್ಲ. ಅರ್ಧಕ್ಕೆ ಬಂದು ನಡುಗುತ್ತದೆ, ಇಳಿಯುತ್ತದೆ. ಮುಂದೇನೆಂದು ಹೇಳಲು ನಾನು ವೈದ್ಯನಲ್ಲ. ಆದರೆ ಮನೆಯಲ್ಲಿ ಈಗ ಬೆಳಿಗ್ಗೆ ಸಂಜೆ ಎರಡು ಸಲ ಹಾಡು ಕೇಳುತ್ತದೆ, ಪಕ್ಕದ ಮನೆಯವರು ದೂರು ಕೊಟ್ಟಿಲ್ಲ.

ಕೊನೆಯ ಸಲ ನಾನು ಹೋದಾಗ ನೀಲಿ ನೋಟುಬುಕ್ಕು ಹಜಾರದ ಮೇಜಿನ ಮೇಲಿದೆ. ಅಕ್ಕ ತುರುಬಿನಿಂದ ಪೆನ್ಸಿಲ್ ತೆಗೆದು ತಮ್ಮನ ಕೈಗೆ ಕೊಡುತ್ತಾಳೆ. ಮುದ್ರಣಾಲಯದ ದುಂಡು ಅಕ್ಷರದಲ್ಲಿ ಅವನು ಬರೆಯುತ್ತಾನೆ: ನಲವತ್ನಾಲ್ಕು. ಗುರುವಾರದ ತರಗತಿ, ಹನ್ನೆರಡು ಜನ. ಆಸ್ಪತ್ರೆಯ ನೆಲಮಾಳಿಗೆ. ನಾಲ್ಕನೆಯ ಅಂಕಣಕ್ಕೆ ಬಂದಾಗ ಪೆನ್ಸಿಲ್ ಸ್ವಲ್ಪ ಹೊತ್ತು ನಿಲ್ಲುತ್ತದೆ. ಆಮೇಲೆ, ಕಾದರು.

ನನ್ನ ಕಸುಬಿನವರು ಕಡೆಯಲ್ಲಿ ಕೇಳುವ ಪ್ರಶ್ನೆಯನ್ನು ನಾನೂ ಕೇಳುತ್ತೇನೆ: ಇನ್ನೇನು ಆಸೆ ಉಳಿದಿದೆ ಅಕ್ಕಾ?

ಪೆನ್ಸಿಲಕ್ಕ ತಮ್ಮನ ಮುಂದೆ ಕೈ ಚಾಚುತ್ತಾಳೆ. ಪೆನ್ಸಿಲನ್ನು ತುರುಬಿಗೆ ಸಿಕ್ಕಿಸಿಕೊಳ್ಳುತ್ತಾಳೆ.

“ಏನಿಲ್ಲಪ್ಪ. ಮುಂದಿನ ಗುರುವಾರ ಟ್ರಾಲಿ ಸ್ವಲ್ಪ ಬೇಗ ತಳ್ಕೊಂಡು ಹೋಗ್ಬೇಕು. ಮೇಲ್ವಿಚಾರಕರನ್ನ ಕೇಳ್ಕೊಂಡಿದ್ದೀನಿ, ಐದು ನಿಮಿಷ ಬಿಡ್ತಾರಂತೆ. ಬಾಗಿಲಿಗೆ ನಿಂತು ಕೇಳಿದ್ದಾಯ್ತು. ಒಂದ್ಸಲ ಒಳಗೆ ಕೂತು, ಮೊದಲನೇ ಸಾಲಿಂದ ಕೇಳ್ಬೇಕು.”